ಎಂಟನೆಯ ಜೋಡಿ

ಆಗ ನಮ್ಮ ಲ್ಯಾಬಿನಲ್ಲಿ ಕಂಪ್ಯೂಟರ್ ಇರಲಿಲ್ಲ.
ಪರೇಲಿನ ಆ ಮೂರನೆಯ ಮಾಳಿಗೆಯಲ್ಲಿ
ಡಾರ್ಕ್ ರೂಮಿನಿಂದ ಒದ್ದೆ ಫೋಟೋ ತಂದು
ಹಗ್ಗಕ್ಕೆ ಸಿಕ್ಕಿಸಿ, ಒಣಗಿದ ಮೇಲೆ
ಸಣ್ಣ ಕತ್ತರಿಯಲ್ಲಿ ಒಂದೊಂದೇ ಕ್ರೋಮೋಸೋಮು ಬಿಡಿಸಿ
ಜೋಡಿ ಮಾಡಿ ಅಂಟಿಸುವುದು ನನ್ನ ಪಾಲು.
ಫ್ಯಾನು ಹಾಕುವ ಹಾಗಿಲ್ಲ.
ಹೊಸ ಪ್ಯೂನು ಒಮ್ಮೆ ಹಾಕಿಬಿಟ್ಟ:
ಇಪ್ಪತ್ತೊಂದರಲ್ಲಿ ಒಂದು ಹಾರಿ
ಗಾಯ್ತೊಂಡೆ ಡಾಕ್ಟರ ಚಹಾದಲ್ಲಿ ಬಿತ್ತು.

ಇಡೀ ದಿನ ಏನು ಮಾಡ್ತೀಯೇ, ಅಂತ ಅಮ್ಮ ಕೇಳಿದರೆ
ಜಾತಕ ಕೂಡಿಸುತ್ತೇನೆ ಅನ್ನುತ್ತಿದ್ದೆ.
ನಂಬಿದ್ದಳು. ನೆರೆಯವರಿಗೂ ಹೇಳಿದ್ದಳು.

ಇಪ್ಪತ್ತೆರಡು ಜೋಡಿ. ಗಂಡಸಾದರೆ ಕೊನೆಗೆ
ಒಂದು ಎಕ್ಸ್, ಅದರ ಪಕ್ಕ
ಮುರಿದ ಪೆನ್ಸಿಲ್ ಮೊನೆಯಷ್ಟು ವೈ.

ಬುಧವಾರ ಆಪರೇಷನ್ ಥಿಯೇಟರಿನಿಂದ
ಗುಲಾಬಿ ನೀರಿನ ಬಾಟಲಿಯಲ್ಲಿ ಪ್ರಾಸ್ಟೇಟಿನ ಚೂರು ಬರುತ್ತಿತ್ತು.
ಹೆಚ್ಚಿನವು ವಯಸ್ಸಿನ ಊತ, ಅಷ್ಟೇ:
ರಾತ್ರಿ ಐದು ಸಲ ಎದ್ದು
ಚಾಳಿನ ತುದಿಯ ಸಂಡಾಸಿನವರೆಗೆ ಕತ್ತಲಲ್ಲಿ ನಡೆದು
ಬಾರದ ಮೂತ್ರಕ್ಕೆ ಕಾದು ನಿಂತವರದು.

ಆ ವಾರ ಎರಡು.
ಒಂದು, ಫೋರ್ಟಿನ ಲಂಚ್ ಹೋಮಿನ ಗಲ್ಲಾದಲ್ಲಿ
ಮೂವತ್ತು ವರ್ಷ ಚಿಲ್ಲರೆ ಎಣಿಸಿದ ಸಂಜೀವ ಕರ್ಕೇರರದು.
ಇನ್ನೊಂದು, ಬಾಗಿಲು ಹಾಕಿದ ಮಿಲ್ಲಿನ ಜಾಬರ್
ಧೋಂಡಿಬಾ ಮ್ಹಸ್ಕೆಯದು.

ಕರ್ಕೇರರ ಇಪ್ಪತ್ತು ಕೋಶಗಳಲ್ಲಿ
ಹನ್ನೊಂದರಲ್ಲಿ ವೈ ಇಲ್ಲ.
ಮೇಜಿನ ಕೆಳಗೆ ಹುಡುಕಿದೆ, ಚಪ್ಪಲಿಯ ಅಡಿ ನೋಡಿದೆ.
ಒಂದು ಕೋಶದಲ್ಲಿ ಏಳನೆಯದು ಮೂರು.
ನಮ್ಮೂರ ಕಡೆಯವರು, ನನ್ನನ್ನು ಮಗಾ ಅನ್ನುವವರು.
ಊಟದ ಡಬ್ಬಿ ಬಿಚ್ಚಲಾಗಲಿಲ್ಲ ನನಗೆ.

ಮ್ಹಸ್ಕೆಯದು ಇಪ್ಪತ್ತಕ್ಕೆ ಇಪ್ಪತ್ತೂ ನಲವತ್ತಾರು,
ಶಾಲೆಯ ಗೋಡೆಗೆ ತೂಗುಹಾಕಬಹುದಾದಂಥ ಚಿತ್ರ.

ಪೆಥಾಲಜಿಯ ಕಾಗದ ಬಂತು.
ಕರ್ಕೇರರದು ಬರೀ ಊತ, ಊರಿಗೆ ಹೋಗಿ ಬರಬಹುದು.
ಮ್ಹಸ್ಕೆಯದು ಕ್ಯಾನ್ಸರು, ಬೆನ್ನೆಲುಬಿಗೆ ಇಳಿದಿದೆ.

ಮುದುಕರ ವೈ ಅಂಗಿಯ ಗುಂಡಿಯ ಹಾಗೆ,
ಎಲ್ಲಿ ಬಿತ್ತು ಅಂತ ಅವರಿಗೇ ಗೊತ್ತಿರುವುದಿಲ್ಲ, ಅಂದರು ಡಾಕ್ಟರು.
ಮತ್ತೆ ಇನ್ನೊಂದು ಫೋಟೋ ಎತ್ತಿ,
ಗಾಜಿನಲ್ಲಿ ಕ್ಯಾನ್ಸರು ಬೆಳೆಯಲು ಒಲ್ಲದು ಕಣಮ್ಮಾ,
ಪಕ್ಕದ ಸಾಧು ಕೋಶಗಳೇ ಹಬ್ಬಿ ತಟ್ಟೆ ತುಂಬುತ್ತವೆ.
ಅಂದರೆ ನಾನು ಎರಡು ದಿನ ಕೂತು
ಕತ್ತರಿಸಿ ಅಂಟಿಸಿದ್ದು
ಅವನ ನೆರೆಮನೆಯವರನ್ನು.

ಮ್ಹಸ್ಕೆ ಬಂದ, ಚಿತ್ರ ನೋಡಬೇಕು ಅಂದ.
ಕೊಡುವ ಹಾಗಿಲ್ಲ, ತೋರಿಸಿದೆ.
ಕನ್ನಡಕ ಏರಿಸಿ, ಬೆರಳು ತಾಗಿಸದೆ,
ಬಟ್ಟೆಯ ತಪ್ಪು ಹುಡುಕುವವನ ಹಾಗೆ
ಎಡದಿಂದ ಬಲಕ್ಕೆ ನೋಡಿದ.
ಕೆಟ್ಟದ್ದು ಯಾವುದು, ತಾಯಿ?
ಇದರಲ್ಲಿ ಇಲ್ಲ, ಅಂದೆ.
ಮಗ್ಗದಲ್ಲಿ ಒಂದು ಎಳೆ ಹರಿದರೆ
ಮಗ್ಗ ತಾನಾಗಿ ನಿಲ್ಲುತ್ತದೆ, ಅಂದ.
ಇಲ್ಲಿ ಯಾರೂ ನಿಲ್ಲಿಸುವುದಿಲ್ಲವೇ?

ಗೊತ್ತಿರಲಿಲ್ಲ. ಚಹಾ ತರಿಸಿದೆ, ಕುಡಿಯಲಿಲ್ಲ.
ಗಣಪತಿ ಬಿಡುವ ಹೊತ್ತಿಗೆ ಹೋಗಿಬಿಟ್ಟ ಅಂತ
ಅವನ ಸೊಸೆ ಬಿಲ್ಲಿನ ಕೌಂಟರಿನಲ್ಲಿ ಹೇಳಿದ್ದು.
ಕರ್ಕೇರರು ಎಂಬತ್ತನಾಲ್ಕರವರೆಗೂ
ನೋಟು ಹಿಂದುಮುಂದಾದರೆ ಹುಡುಗರನ್ನು ಬೈಯುತ್ತಿದ್ದರು.

ಆಮೇಲೆ ಬಣ್ಣದ ದೀಪದ ಸೂಕ್ಷ್ಮದರ್ಶಕ ಬಂತು.
ಕೋಶ ಬೆಳೆಸುವ ಗೊಡವೆ ಬೇಡ,
ಹಳೆಯ ಮೇಣದ ಗಟ್ಟಿಯಿಂದ ಒಂದು ಸೀಳು ಸಾಕು.
ಪರೀಕ್ಷೆಗೆ ಕಪಾಟಿನಿಂದ ತೆಗೆದ ಹತ್ತರಲ್ಲಿ
ಅವನ ನಂಬರೂ ಇತ್ತು. ನಾನು ಆರಿಸಿದ್ದಲ್ಲ.
ಆರಿಸಿದ್ದೆನೋ ಏನೋ.

ದೀಪ ಆರಿಸಿ ಕೂತೆ. ಕತ್ತಲಲ್ಲಿ ನೀಲಿ ಉಂಡೆಗಳು,
ಪ್ರತಿಯೊಂದರಲ್ಲೂ ಎಂಟನೆಯ ಜೋಡಿಯ
ಎರಡು ಕೆಂಪು ಚುಕ್ಕೆ, ಸರಿ.
ಗಿಡ್ಡ ತೋಳಿನ ಗುರುತು ಹಸಿರು.
ಎರಡಿರಬೇಕು.

ಒಂದು.
ಮುಂದಿನದರಲ್ಲೂ ಒಂದು.
ನೂರು ಎಣಿಸುವುದು ನಿಯಮ, ನೂರೂ ಎಣಿಸಿದೆ,
ಕೆಳಗೆ ರಸ್ತೆಯಲ್ಲಿ ಮಿಲ್ಲು ಒಡೆದ ಜಾಗದಲ್ಲಿ
ಕಾಂಕ್ರೀಟ್ ಮಿಕ್ಸರು ತಿರುಗುತ್ತಲೇ ಇತ್ತು.
ಫಾರಮಿನಲ್ಲಿ ನಂಬರು ಮಾತ್ರ ಬರೆಯಬೇಕು.
ಬರೆದೆ. ಪೆನ್ಸಿಲಿನಲ್ಲಿ ಪಕ್ಕಕ್ಕೆ,
ಒರೆಸಿದರೆ ಹೋಗುವಷ್ಟು ಹಗುರಾಗಿ:
ಮ್ಹಸ್ಕೆ, ಎಳೆ ಇಲ್ಲಿ ಹರಿದಿತ್ತು.